ಆಫೀಸು, ಮುಖದ ಬಂಗು, ಮನೆಯಲ್ಲೇ ಮಾಡಿ ಮಾರುವ ಕ್ರೀಮು: ಡಬ್ಬಿ ವಾಪಸ್ ಬಂದಿದೆ, ಏನು ಮಾಡಲಿ?

ಎರಡನೇ ಪಾಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನಗೆ 36 ವರ್ಷ. ಬೆಳಗ್ಗೆಯಿಂದ ಸಂಜೆವರೆಗೆ ಆಫೀಸು, ಆಮೇಲೆ ಮನೆ. ಮಕ್ಕಳು ಮಲಗಿದ ಮೇಲೆ ಒಂದೂವರೆ ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕ್ರೀಮು ಮಾಡುತ್ತೇನೆ. ಶುರು ಮಾಡಿದ್ದು ನನ್ನ ಮುಖಕ್ಕೆ. ಇಡೀ ದಿನ ಎಸಿಯಲ್ಲಿ ಕೂತು ಚರ್ಮ ಒಣಗಿ ಬಿಗಿದುಕೊಳ್ಳುತ್ತಿತ್ತು. ಬಾದಾಮಿ ಎಣ್ಣೆ, ಜೇನುಮೇಣ, ಲೋಳೆಸರದ ತಿರುಳು, ಗುಲಾಬಿ ನೀರು ಹಾಕಿ ಕಲಸುತ್ತಿದ್ದೆ. ಕೊನೆಗೆ ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಸೇರಿಸುತ್ತಿದ್ದೆ. ಪರಿಮಳಕ್ಕೆ ನಿಂಬೆ ಎಣ್ಣೆ, ವಾಸನೆ ಬರುವಷ್ಟು. ಚೆನ್ನಾಗಿ ಬಂತು. ಪಕ್ಕದ ಮೇಜಿನವಳು ಕೇಳಿದಳು, ಕೊಟ್ಟೆ. ಅವಳ ಅಕ್ಕ ಕೇಳಿದರು. ಹೀಗೇ 14 ಜನ ದುಡ್ಡು ಕೊಟ್ಟು ತೆಗೆದುಕೊಂಡರು. ಸಂಬಳ ಬಿಟ್ಟು ನನ್ನದೇ ಅಂತ ಕೈಗೆ ಬಂದ ಮೊದಲ ದುಡ್ಡು ಅದು. ತುಂಬಾ ಖುಷಿಯಾಗಿತ್ತು.

ಮೊನ್ನೆ ಒಂದು ಡಬ್ಬಿ ವಾಪಸ್ ಬಂತು. ಮುಚ್ಚಳ ತಿರುಗಿಸಿ ನೋಡಿದೆ. ಕ್ರೀಮು ಮೇಲೆ ನುಣ್ಣಗೇ ಇತ್ತು, ನಾನು ತುಂಬಿದ ದಿನ ಹೇಗಿತ್ತೋ ಹಾಗೇ. ಮುಚ್ಚಳ ಮಗುಚಿದಾಗ ಕಂಡಿತು. ಅಂಚಿನ ಉಂಗುರದ ಪಕ್ಕ ಗುಂಡುಸೂಜಿಯ ತಲೆಯಷ್ಟು ಮೂರು ಬೂದು ಚುಕ್ಕೆ. ಒಂದರ ಸುತ್ತ ಹತ್ತಿಯಂಥ ಎಳೆ ಎದ್ದಿತ್ತು. ಬೂಷ್ಟು. ಡಬ್ಬಿ ತಂದವಳು ಬೈಯಲಿಲ್ಲ. "ಅಕ್ಕ, ಇದನ್ನು ಮಗುವಿನ ಕೆನ್ನೆಗೂ ಹಚ್ಚಿದ್ದೆ, ಏನೂ ಆಗಲ್ಲ ಅಲ್ವಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಇದನ್ನು ನಿಲ್ಲಿಸಬೇಕಾ, ಸರಿ ಮಾಡಿಕೊಂಡು ಮುಂದುವರಿಯಬಹುದಾ? ಇನ್ನೊಂದು ವಿಷಯ. ಎರಡನೇ ಮಗು ಆದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂದಿದೆ. ಎಡಗಡೆ ಜಾಸ್ತಿ. ಮುಖದಲ್ಲಿ ಬಂಗು ಇಟ್ಟುಕೊಂಡು ಮುಖದ ಕ್ರೀಮು ಮಾರುವುದಕ್ಕೆ ಮುಜುಗರ. ಪರಿಚಯದವರೊಬ್ಬರು "ಹದಿನೈದು ದಿನದಲ್ಲಿ ಬೆಳ್ಳಗಾಗುತ್ತದೆ" ಅಂತ ಒಂದು ಕ್ರೀಮು ಕೊಟ್ಟಿದ್ದಾರೆ. ಇನ್ನೂ ಬಿಚ್ಚಿಲ್ಲ. ಬಿಚ್ಚಲಾ?

ಲ್ಯಾಬಿನ ಮೂಲೆ

ಮೊದಲು ಒಂದು ಕೆಲಸ ಮಾಡಿ, ಇವತ್ತೇ. ಉಳಿದ 13 ಜನರಿಗೂ ಫೋನ್ ಮಾಡಿ "ಹಚ್ಚಬೇಡಿ, ಡಬ್ಬಿ ವಾಪಸ್ ಕೊಡಿ" ಅಂತ ಹೇಳಿ. ನೋಡೋಕೆ ಚೆನ್ನಾಗೇ ಇದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬೂಷ್ಟು ಕಣ್ಣಿಗೆ ಕಾಣುತ್ತದೆ. ಬ್ಯಾಕ್ಟೀರಿಯಾ ಕಾಣುವುದಿಲ್ಲ. ಒಂದು ಗ್ರಾಂ ಕ್ರೀಮಿನಲ್ಲಿ ಲಕ್ಷಗಟ್ಟಲೆ ಇದ್ದರೂ ಬಣ್ಣ, ವಾಸನೆ ಏನೂ ಬದಲಾಗದೆ ಇರಬಹುದು. ಮಗುವಿನ ಕೆನ್ನೆಯಲ್ಲಿ ಕೆಂಪು, ಕೀವುಗುಳ್ಳೆ ಏನಾದರೂ ಇದ್ದರೆ ಡಾಕ್ಟರಿಗೆ ತೋರಿಸಲಿ. ಏನೂ ಇಲ್ಲದಿದ್ದರೆ ಹಚ್ಚುವುದು ನಿಲ್ಲಿಸಿ ನೋಡುತ್ತಿದ್ದರೆ ಸಾಕು.

ಈಗ ಯಾಕೆ ಹೀಗಾಯಿತು ಅಂತ ಹೇಳುತ್ತೇನೆ. ನಾನು ಎಂಟು ವರ್ಷ ಕ್ರೀಮು, ಲೋಷನ್ ಪರೀಕ್ಷೆ ಮಾಡುವ ಕಡೆ ಕೆಲಸ ಮಾಡಿದವಳು. ನಿಮ್ಮ ಕ್ರೀಮಿನಲ್ಲಿ ನೀರು ಇದೆ. ಗುಲಾಬಿ ನೀರು ನೀರೇ. ಲೋಳೆಸರದ ತಿರುಳಿನಲ್ಲಿ ಹೆಚ್ಚುಕಡಿಮೆ 98 ಭಾಗ ನೀರೇ, ಅದರ ಜೊತೆಗೆ ಸಕ್ಕರೆ ಅಂಶ. ಬೂಷ್ಟಿಗೆ ಇನ್ನೇನು ಬೇಕು ಹೇಳಿ. ನೀರಿರುವ ಯಾವ ಕ್ರೀಮಿಗೂ ಕೆಡದಂತೆ ಕಾಯುವ ಪದಾರ್ಥ, ಅಂದರೆ ಪ್ರಿಸರ್ವೇಟಿವ್, ಬೇಕೇ ಬೇಕು.

ವಿಟಮಿನ್ ಇ ಆ ಕೆಲಸ ಮಾಡುವುದಿಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ವಿಟಮಿನ್ ಇ ಎಣ್ಣೆ ಕಮಟು ಹಿಡಿಯುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಬೂಷ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಪರಿಮಳದ ಎಣ್ಣೆಗಳನ್ನೂ ಅದಕ್ಕೆ ನಂಬುವ ಹಾಗಿಲ್ಲ.

"ಸರಿ, ಪ್ರಿಸರ್ವೇಟಿವ್ ತಂದು ನಾಲ್ಕು ಹನಿ ಹಾಕಿಬಿಡುತ್ತೇನೆ" ಅಂದರೂ ಆಗುವುದಿಲ್ಲ. ಸೋಡಿಯಂ ಬೆಂಜೊಯೇಟ್ ಅನ್ನುವ ಪ್ರಿಸರ್ವೇಟಿವ್ ಕೆಲಸ ಮಾಡಬೇಕಾದರೆ ಕ್ರೀಮಿನ ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಐದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಫಿನಾಕ್ಸಿಎಥನಾಲ್ ಅನ್ನುವ ಇನ್ನೊಂದು ಪ್ರಿಸರ್ವೇಟಿವ್ ಯುರೋಪಿನ ನಿಯಮದ ಪ್ರಕಾರ ಶೇಕಡಾ 1 ದಾಟಬಾರದು. ಕಡಿಮೆಯಾದರೆ ಕ್ರೀಮು ಕೆಡುತ್ತದೆ, ಜಾಸ್ತಿಯಾದರೆ ಚರ್ಮ ಉರಿಯುತ್ತದೆ. ಹಾಕಿದ್ದು ಸಾಕಾಯಿತಾ ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ಕ್ರೀಮಿಗೆ ಬೇಕೆಂದೇ ಬ್ಯಾಕ್ಟೀರಿಯಾ, ಬೂಷ್ಟು ಸೇರಿಸಿ 28 ದಿನ ನೋಡುತ್ತಾರೆ, ಅವು ಸಾಯುತ್ತಿವೆಯಾ ಬೆಳೆಯುತ್ತಿವೆಯಾ ಅಂತ. ಇದನ್ನು ಮನೆಯಲ್ಲಿ ಮಾಡೋಕೆ ಆಗುವುದಿಲ್ಲ, ಲ್ಯಾಬಿಗೇ ಕೊಡಬೇಕು.

ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ನೀರಿಲ್ಲದ್ದನ್ನು ಮಾಡಿ. ಎಣ್ಣೆ ಮತ್ತು ಮೇಣದ ಮುಲಾಮು. ಒಂದು ಪಾಲು ಜೇನುಮೇಣಕ್ಕೆ ನಾಲ್ಕು ಪಾಲು ಎಣ್ಣೆ, ತೂಕದಲ್ಲಿ. ತುಟಿಗೆ, ಹಿಮ್ಮಡಿಗೆ, ಮೊಣಕೈಗೆ ಚೆನ್ನಾಗಿರುತ್ತದೆ. ನೀರಿಲ್ಲದ ಕಡೆ ಸೂಕ್ಷ್ಮಜೀವಿ ಬೆಳೆಯೋಕೆ ಆಗುವುದಿಲ್ಲ. ಆದರೆ ಡಬ್ಬಿ, ಚಮಚ, ಕೈ ಎಲ್ಲಾ ಒಣಗಿರಬೇಕು. ಕೊಂಡವರಿಗೂ ಒದ್ದೆ ಬೆರಳು ಹಾಕಬೇಡಿ ಅಂತ ಹೇಳಬೇಕು.

ಹೊಸ ಹುರುಪು

ಪ್ರಿಸರ್ವೇಟಿವ್ ಅಂದರೆ ಕೆಮಿಕಲ್ ಅಲ್ವಾ? ನಮ್ಮಂಥವರ ಹತ್ತಿರ ಜನ ಕೊಳ್ಳುವುದೇ ಕೆಮಿಕಲ್ ಇಲ್ಲ ಅಂತ. ಅದನ್ನೇ ಹಾಕಿದರೆ ಅಂಗಡಿಯದಕ್ಕೂ ನಮ್ಮದಕ್ಕೂ ಏನು ವ್ಯತ್ಯಾಸ?

ಲ್ಯಾಬಿನ ಮೂಲೆ

ನಿಮ್ಮ ಪ್ರಶ್ನೆ ಅರ್ಥವಾಗುತ್ತದೆ. ನೀರೂ ಕೆಮಿಕಲ್ಲೇ, ಬಾದಾಮಿ ಎಣ್ಣೆಯೂ ಕೆಮಿಕಲ್ಲೇ. ಬೂಷ್ಟು ಕೂಡ ಅಪ್ಪಟ ನೈಸರ್ಗಿಕ. ಪದಾರ್ಥ ಎಲ್ಲಿಂದ ಬಂತು ಅನ್ನುವುದಕ್ಕಿಂತ ಚರ್ಮದ ಮೇಲೆ ಏನು ಮಾಡುತ್ತದೆ, ಎಷ್ಟು ಹಾಕಿದ್ದೇವೆ ಅನ್ನುವುದು ಮುಖ್ಯ. ನಿಂಬೆರಸದ ಪಿಎಚ್ ಸುಮಾರು 2. ಚರ್ಮದ ಮೇಲ್ಪದರದ್ದು 4.5ರಿಂದ 5.5ರ ಆಸುಪಾಸು. ತೋಟದಿಂದ ಕಿತ್ತು ತಂದ ನಿಂಬೆ ಅನ್ನುವ ಕಾರಣಕ್ಕೆ ಅದು ಮುಖಕ್ಕೆ ಒಳ್ಳೆಯದಾಗುವುದಿಲ್ಲ.

ವ್ಯತ್ಯಾಸ ಏನು ಅಂತ ಕೇಳಿದಿರಿ. ಚಿಕ್ಕದಾಗಿ ಮಾಡುವವರು ಪ್ರತಿ ಡಬ್ಬಿಯಲ್ಲಿ ಏನಿದೆ, ಯಾವತ್ತು ಮಾಡಿದ್ದು, ಯಾರ ಮನೆಗೆ ಹೋಯಿತು ಅಂತ ಹೇಳಬಲ್ಲರು. ಅದೇ ದೊಡ್ಡ ವ್ಯತ್ಯಾಸ. ಅದನ್ನು ಮಾರಿ.

ಸೋಪಿನ ಅಚ್ಚು

ಎರಡನೇ ಪಾಳಿ ಅವರೇ, ಮೊದಲು ಒಂದು ಮಾತು. ನೀವು ಮುಚ್ಚಿಡದೆ ಬರೆದಿರಿ. ನನ್ನ ಮೊದಲ ತಪ್ಪನ್ನು ನಾನು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ಆರು ವರ್ಷದಿಂದ ಸೋಪು ಮಾಡಿ ಮಾರುತ್ತಿದ್ದೇನೆ. ಎರಡನೇ ಬ್ಯಾಚಿನಲ್ಲಿ ಕಾಸ್ಟಿಕ್ ಸೋಡಾವನ್ನು ಕಪ್ಪಿನಲ್ಲಿ ಅಳೆದೆ, ತೂಗಲಿಲ್ಲ. ಸೋಪು ಗಟ್ಟಿಯಾಯಿತು, ಬೆಳ್ಳಗೆ ಚಂದ ಇತ್ತು. ಕತ್ತರಿಸಿದಾಗ ಒಳಗೆ ಸಣ್ಣ ಸಣ್ಣ ಬಿಳಿ ಹರಳು ಇದ್ದವು. ಉಪ್ಪಿನಂತೆ ಹೊಳೆಯುತ್ತಿದ್ದವು. ವಿನ್ಯಾಸ ಅಂದುಕೊಂಡೆ. ಆ ಸೋಪಿನಿಂದ ನನ್ನ ತಂಗಿ ಕೈ ತೊಳೆದುಕೊಂಡು ಅರ್ಧ ಗಂಟೆ ಉರಿ ಉರಿ ಅಂತ ನಲ್ಲಿ ಕೆಳಗೆ ಕೈ ಹಿಡಿದು ನಿಂತಿದ್ದಳು. ಕರಗದೆ ಉಳಿದ ಕಾಸ್ಟಿಕ್ ಅದು.

ಸೋಪಿನಲ್ಲಿ ಎಲ್ಲಾ ತೂಕದ ಮೇಲೆ. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ. ಕೊಬ್ಬರಿ ಎಣ್ಣೆ 1000 ಗ್ರಾಂ ಪೂರ್ತಿ ಸೋಪಾಗೋಕೆ ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಆಲಿವ್ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಲೆಕ್ಕ ಆಲಿವ್ ಎಣ್ಣೆಗೆ ಹಾಕಿದರೆ ಚರ್ಮ ಸುಡುತ್ತದೆ. ಚರ್ಮಕ್ಕೆ ಹಿತವಾಗಿರಲಿ ಅಂತ ಶೇಕಡಾ 5ರಷ್ಟು ಎಣ್ಣೆ ಸೋಪಾಗದೆ ಉಳಿಯುವ ಹಾಗೆ ಕಾಸ್ಟಿಕ್ ಕಡಿಮೆ ಮಾಡುತ್ತೇವೆ. ಆಗ ಆ 183 ಗ್ರಾಂ 174 ಆಗುತ್ತದೆ. ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಸುರಿಯಬಾರದು. ಸುರಿದರೆ ಒಂದೇ ಸಲಕ್ಕೆ ಕುದ್ದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ. ಕನ್ನಡಕ, ಗ್ಲೌಸ್ ಇಲ್ಲದೆ ಬೇಡ. ಮೈಮೇಲೆ ಬಿದ್ದರೆ ವಿನೆಗರ್ ಹುಡುಕಬೇಡಿ, ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿರಿ. ಮಕ್ಕಳು ಎಚ್ಚರ ಇರುವ ಹೊತ್ತಿನಲ್ಲಂತೂ ಖಂಡಿತ ಬೇಡ. ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಿಸದೆ ಮಾರಬೇಡಿ.

ಇಷ್ಟೆಲ್ಲಾ ಸರಿಯಾಗಿ ಮಾಡಿದರೂ ಸೋಪಿನ ಪಿಎಚ್ 9-10 ಇರುತ್ತದೆ. ಒಣ ಚರ್ಮದವರ ಮುಖಕ್ಕೆ ನಾನು ನನ್ನ ಸೋಪು ಕೊಡುವುದಿಲ್ಲ. ಕೈಗೆ, ಮೈಗೆ ಅಂತ ಹೇಳಿಯೇ ಮಾರುತ್ತೇನೆ. ಒಬ್ಬಿಬ್ಬರು ಗಿರಾಕಿ ಹೋಗುತ್ತಾರೆ. ಹೋಗಲಿ.

ಎರಡನೇ ಪಾಳಿ

ಎಲ್ಲರಿಗೂ ಹೇಳಿದೆ. ಒಬ್ಬೊಬ್ಬರಿಗೆ ಫೋನ್ ಮಾಡುವಾಗಲೂ ಗಂಟಲು ಒಣಗುತ್ತಿತ್ತು. ಮೂವರು ಆಗಲೇ ಖಾಲಿ ಮಾಡಿಬಿಟ್ಟಿದ್ದರು. ಒಬ್ಬರು "ನನಗೆ ಏನೂ ಆಗಿಲ್ಲ, ವಾಪಸ್ ಕೊಡಲ್ಲ" ಅಂದರು. ಲ್ಯಾಬಿನ ಮೂಲೆ ಅವರು ಬರೆದದ್ದನ್ನು ಓದಿ ಹೇಳಿದ ಮೇಲೆ ಕೊಟ್ಟರು. ಮಗು ಚೆನ್ನಾಗಿದೆ. ಅವಳೇ ಫೋಟೋ ಕಳಿಸಿದಳು.

ಸೋಪು ನನ್ನ ಕೈಲಾಗುವುದಿಲ್ಲ. ಚಿಕ್ಕವನಿಗೆ ಎರಡು ವರ್ಷ, ಎಲ್ಲದಕ್ಕೂ ಕೈ ಹಾಕುತ್ತಾನೆ. ಮುಲಾಮು ಮಾಡಿ ನೋಡಬೇಕು. ಬಂಗಿನ ಬಗ್ಗೆಯೂ ಯಾರಾದರೂ ಹೇಳಿ.

ರಾತ್ರಿ ಡ್ಯೂಟಿ

ಆ ಬೆಳ್ಳಗಾಗುವ ಕ್ರೀಮು ಬಿಚ್ಚಬೇಡ ತಂಗಿ. ತಂಗಿ ಅಂತ ಕರೆದೆ, ನನಗೆ 48.

ನಾನು ನರ್ಸು. ಬೇರೆಯವರಿಗೆ ಬುದ್ಧಿ ಹೇಳುವ ಕೆಲಸದಲ್ಲಿದ್ದೂ ನಾನೇ ಇದಕ್ಕೆ ಬಿದ್ದೆ. ಹೆಸರು ಬೇಡ, ಪೂರ್ತಿ ಪದಾರ್ಥಗಳ ಪಟ್ಟಿಯೂ ಇರದ ಒಂದು ಕ್ರೀಮು. ಎರಡು ವಾರದಲ್ಲಿ ಮುಖ ಗಾಜಿನಂತೆ ಹೊಳೆಯಿತು. ಡ್ಯೂಟಿಯಲ್ಲಿ ಎಲ್ಲರೂ ಏನು ಹಚ್ಚುತ್ತೀರಿ ಅಂತ ಕೇಳಿದರು. ಮೂರು ತಿಂಗಳಿಗೆ ಕೆನ್ನೆ ಮೇಲೆ ದಾರದಂಥ ಕೆಂಪು ರಕ್ತನಾಳ ಕಾಣತೊಡಗಿದವು. ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದ ಮೂರನೇ ದಿನ ಮುಖ ಊದಿ, ಸಣ್ಣ ಸಣ್ಣ ಗುಳ್ಳೆ ಎದ್ದು, ದಿಂಬಿಗೆ ಕೆನ್ನೆ ತಾಗಿಸಲು ಆಗುತ್ತಿರಲಿಲ್ಲ. ಚರ್ಮದ ಡಾಕ್ಟರು ನೋಡಿದ ಕೂಡಲೇ ಸ್ಟೀರಾಯ್ಡ್ ಅಂದರು. ಸ್ಟೀರಾಯ್ಡ್ ಕ್ರೀಮು ಒಳ್ಳೆಯ ಔಷಧವೇ. ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ನನಗೆ ಸರಿಹೋಗಲು ಒಂದು ವರ್ಷ ಹಿಡಿಯಿತು.

ಇನ್ನು ಕೆಲವು ಬಿಳಿಯಾಗುವ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಹಚ್ಚಿಕೊಂಡ ತಾಯಿಯ ಕೈಯಿಂದ, ಟವೆಲ್ಲಿನಿಂದ ಮಗುವಿಗೂ ಹೋಗುತ್ತದೆ. ಪಾದರಸ ತಡೆಯೋಕೆ ದೇಶಗಳು ಸೇರಿ 2013ರಲ್ಲಿ ಮಿನಮಾಟ ಒಪ್ಪಂದ ಮಾಡಿಕೊಂಡವು. ಅದು 2017ರಿಂದ ಜಾರಿಯಲ್ಲಿದೆ. ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚು ಪಾದರಸ ಇರುವ ಸೌಂದರ್ಯ ಸಾಮಗ್ರಿಯನ್ನು 2020ರೊಳಗೆ ನಿಲ್ಲಿಸಬೇಕು ಅಂತ ಮೊದಲು ಅದರಲ್ಲಿತ್ತು, ಆಮೇಲೆ ನಿಯಮ ಇನ್ನೂ ಬಿಗಿಯಾಯಿತು. ಆದರೂ ಕೈಯಿಂದ ಕೈಗೆ ಬರುತ್ತಲೇ ಇದೆ. ಲೇಬಲ್ ಮೇಲೆ ಮರ್ಕ್ಯುರಿ, ಕ್ಯಾಲೊಮೆಲ್ (ಎರಡೂ ಪಾದರಸದ್ದೇ ಹೆಸರು) ಅಂತ ಕಂಡರೆ ಮುಟ್ಟಬೇಡಿ. ಲೇಬಲ್ಲೇ ಇಲ್ಲದಿದ್ದರಂತೂ ಮುಟ್ಟಲೇಬೇಡಿ.

ಈಗ ನಿನ್ನ ಬಂಗು. ಬಸುರಿಯಲ್ಲಿ ಹಾರ್ಮೋನು ಬದಲಾಗುತ್ತದೆ, ಅದರ ಮೇಲೆ ಬೆಳಕು ಬಿದ್ದಾಗ ಬಣ್ಣ ಮಾಡುವ ಜೀವಕೋಶಗಳು ಅತಿಯಾಗಿ ಕೆಲಸ ಮಾಡುತ್ತವೆ. ಎಡಗಡೆ ಜಾಸ್ತಿ ಅಂದೆಯಲ್ಲ, ಆಫೀಸಿನಲ್ಲಿ ನಿನ್ನ ಎಡಗಡೆ ಕಿಟಕಿ ಇದೆಯಾ? ಮಾಮೂಲಿ ಗಾಜು ಚರ್ಮ ಸುಡುವ ಯುವಿಬಿ ಕಿರಣವನ್ನು ಬಹುಪಾಲು ತಡೆಯುತ್ತದೆ. ಬಿಸಿಲಿನ ಇನ್ನೊಂದು ಕಿರಣ ಯುವಿಎ ಒಳಗೆ ಬರುತ್ತದೆ, ಅದರಿಂದಲೂ ಬಂಗು ಕಪ್ಪಾಗುತ್ತದೆ. ಒಳಗೇ ಇದ್ದೇನಲ್ಲ ಅಂತ ಸನ್‌ಸ್ಕ್ರೀನ್ ಬಿಡಬೇಡ.

ಅದನ್ನು ಹಚ್ಚುವುದರಲ್ಲೂ ನಾವು ಜಿಪುಣರು. ಡಬ್ಬಿ ಮೇಲೆ ಬರೆದ, ಬಿಸಿಲು ತಡೆಯುವ ಅಳತೆಯಾದ ಎಸ್‌ಪಿಎಫ್ ಸಿಗಬೇಕಾದರೆ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು, ಪರೀಕ್ಷೆ ಮಾಡುವುದು ಹಾಗೆ. ಲೆಕ್ಕ ಬೇಡ, ತೋರುಬೆರಳು ಮಧ್ಯದ ಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆ. ಅದು ಮುಖ ಮತ್ತು ಕುತ್ತಿಗೆಗೆ. ಎಸ್‌ಪಿಎಫ್ 30 ಇದ್ದರೆ ಯುವಿಬಿ ಸುಮಾರು ಶೇಕಡಾ 97 ತಡೆಯುತ್ತದೆ, 50 ಇದ್ದರೆ 98. ಬರೀ ದೊಡ್ಡ ಸಂಖ್ಯೆಗೆ ದುಡ್ಡು ಸುರಿಯಬೇಡ, ಸಾಕಷ್ಟು ಹಚ್ಚು. ಬಂಗಿಗೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಒಂದಷ್ಟು ತಡೆಯುತ್ತದೆ. ಆ ಬೆಳಕಿನಿಂದಲೂ ಬಂಗು ಕಪ್ಪಾಗುತ್ತದೆ.

ಇನ್ನೊಂದು. ನಿಂಬೆ ಎಣ್ಣೆ ಹಾಕುತ್ತಿದ್ದೆ ಅಂತ ಬರೆದಿದ್ದೀಯ. ಸಿಪ್ಪೆ ಹಿಂಡಿ ತೆಗೆದ ನಿಂಬೆ ಎಣ್ಣೆ, ಬರ್ಗಮಾಟ್ (ನಿಂಬೆ ಜಾತಿಯ ಹಣ್ಣು) ಎಣ್ಣೆ ಚರ್ಮದ ಮೇಲಿದ್ದಾಗ ಯುವಿಎ ಬಿದ್ದರೆ ಸುಟ್ಟಂತಾಗಿ ಕಲೆ ಉಳಿಯಬಹುದು. ಎಷ್ಟು ಹಾಕಿದ್ದೆ ಅಂತ ನಿನಗೇ ಲೆಕ್ಕ ಇಲ್ಲ. ಅದನ್ನೇ ಹಚ್ಚಿಕೊಂಡು ಕಿಟಕಿ ಪಕ್ಕ ಕೂತಿದ್ದೀಯ.

ಮುಜುಗರದ ಮಾತು ಬಿಡು. ಬಂಗು ಇರುವ ಮುಖ ಮೋಸ ಮಾಡಿದ ಮುಖ ಅಲ್ಲ. ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸು. ತಿಂಗಳುಗಳು ಬೇಕು, ಒಮ್ಮೆ ಹೋದದ್ದು ಬಿಸಿಲಿಗೆ ಮತ್ತೆ ಬರಬಹುದು. ಮತ್ತೆ ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ಹೇಳು. ರೆಟಿನಾಯ್ಡ್ (ವಿಟಮಿನ್ ಎ ಜಾತಿಯ ಔಷಧ) ಇರುವ ಕ್ರೀಮು ಬಸುರಿಯಲ್ಲಿ ಬೇಡ ಅನ್ನುತ್ತಾರೆ.

ಎರಡನೇ ಪಾಳಿ

ಅಕ್ಕ, ಕಿಟಕಿ ಎಡಗಡೆಯೇ ಇದೆ. ಐದು ವರ್ಷದಿಂದ ಅದೇ ಮೇಜು. ಓದಿ ಮೈ ಜುಮ್ಮೆಂದಿತು. ನಾಳೆಯೇ ಪರದೆ ಎಳೆಯುತ್ತೇನೆ.

ಲೆಕ್ಕದ ಪುಸ್ತಕ

ಚರ್ಮದ ವಿಷಯ ಬಲ್ಲವರು ಹೇಳಿದ್ದಾರೆ. ನಾನು ದುಡ್ಡಿನ ಬಗ್ಗೆ ಬರೆಯುತ್ತೇನೆ, ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವುದೇ ನನ್ನ ಕೆಲಸ.

ಹೆಂಗಸರು ತರುವ ಲೆಕ್ಕದಲ್ಲಿ ಪ್ರತಿ ಸಲ ಒಂದೇ ಕಾಲಂ ಖಾಲಿ ಇರುತ್ತದೆ. ಎಣ್ಣೆ ಇಷ್ಟು, ಮೇಣ ಇಷ್ಟು, ಡಬ್ಬಿ ಇಷ್ಟು, ಲೇಬಲ್ ಇಷ್ಟು. ಅವರ ಸಮಯ? ಅದು ಪುಕ್ಕಟೆ. ಹೋದ ತಿಂಗಳು ಒಬ್ಬರನ್ನು ಕೂರಿಸಿಕೊಂಡು ಗಡಿಯಾರ ಹಿಡಿದು ಬರೆಸಿದೆ. ಒಂದು ಕಿಲೋ ಸೋಪು, ನೂರು ಗ್ರಾಂನ ಹತ್ತು ಬಿಲ್ಲೆ. ತೂಗಿ ಕಲಸೋಕೆ 50 ನಿಮಿಷ. ಪಾತ್ರೆ ತೊಳೆಯೋಕೆ 30. ಮಾರನೇ ದಿನ ಕತ್ತರಿಸೋಕೆ 20. ಕಾಗದ ಸುತ್ತಿ ಲೇಬಲ್ ಅಂಟಿಸೋಕೆ 60. ಫೋಟೋ, ಮೆಸೇಜಿಗೆ ಉತ್ತರ, ಪಾರ್ಸಲ್, ಎಲ್ಲಾ ಸೇರಿ 90. ಒಟ್ಟು 250 ನಿಮಿಷ. ಒಂದು ಬಿಲ್ಲೆಗೆ 25 ನಿಮಿಷ. ಅವರು ಆ ಸಂಖ್ಯೆ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಸಂಬಳದಲ್ಲಿ 25 ನಿಮಿಷಕ್ಕೆ ಎಷ್ಟು ಬರುತ್ತದೋ ಅದು ಅವರು ಬಿಲ್ಲೆಗೆ ಹಾಕಿದ್ದ ಬೆಲೆಗಿಂತ ಜಾಸ್ತಿ ಇತ್ತು. ಇಡೀ ಬೆಲೆಗಿಂತ!

ಇದರ ಅರ್ಥ ವ್ಯಾಪಾರ ಬಿಡಿ ಅಂತಲ್ಲ. ಹತ್ತರ ಬದಲು ನಲವತ್ತು ಒಟ್ಟಿಗೆ ಮಾಡಿದರೆ ಕಲಸುವ, ತೊಳೆಯುವ ಸಮಯ ನಾಲ್ಕು ಪಟ್ಟಾಗುವುದಿಲ್ಲ. ಬಿಲ್ಲೆ ಲೆಕ್ಕದ ಬೆಲೆಯೂ ನಿಜಕ್ಕೆ ಹತ್ತಿರ ಬರುತ್ತದೆ. ಆದರೆ ಮೊದಲು ಬರೆದು ನೋಡಬೇಕು. ಕೆಟ್ಟದ್ದು, ಒಡೆದದ್ದು, ಸ್ಯಾಂಪಲ್ ಅಂತ ಕೊಟ್ಟದ್ದು ಕೂಡ ಅಸಲಿಗೇ ಸೇರಬೇಕು. ನಿಮ್ಮ ಆ 14 ಡಬ್ಬಿ ಕೂಡ.

ಆಫೀಸಿನಲ್ಲಿ ಉದ್ರಿ ಬೇಡ. "ಸಂಬಳ ಬಂದಾಗ ಕೊಡುತ್ತೇನೆ" ಅಂದವರ ಹತ್ತಿರ ಕೇಳಲು ನಿಮಗೇ ಸಂಕೋಚವಾಗುತ್ತದೆ, ಕೊನೆಗೆ ಸ್ನೇಹವೂ ಹೋಗುತ್ತದೆ. ಈ ದುಡ್ಡಿಗೆ ಬೇರೆ ಖಾತೆ ಇಡಿ. ನೌಕರಿಗೆ ಸೇರುವಾಗ ಸಹಿ ಹಾಕಿದ ಕಾಗದ ತೆಗೆದು ಓದಿ. ಬೇರೆ ವ್ಯಾಪಾರ ಮಾಡುವುದಕ್ಕೆ ಒಪ್ಪಿಗೆ ಬೇಕು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಬೇಕಿದ್ದರೆ ಕೇಳಿ, ಬರಹದಲ್ಲೇ ತೆಗೆದುಕೊಳ್ಳಿ. ಚರ್ಮಕ್ಕೆ ಹಚ್ಚುವುದನ್ನು ಮಾಡಿ ಮಾರೋಕೆ ನೀವಿರುವ ಕಡೆ ಯಾವ ಪರವಾನಗಿ ಬೇಕು ಅಂತಲೂ ಮುಂಚೆಯೇ ವಿಚಾರಿಸಿ.

ಲೇಬಲ್ ಮೇಲೆ "ಬಂಗು ಹೋಗುತ್ತದೆ", "ಇಸುಬು ವಾಸಿಯಾಗುತ್ತದೆ" ಅಂತ ಬರೆಯಬೇಡಿ. ಕಾಯಿಲೆ ವಾಸಿ ಮಾಡುತ್ತದೆ ಅಂದ ಕೂಡಲೇ ಬಹಳ ಕಡೆ ಕಾನೂನು ಅದನ್ನು ಔಷಧ ಅಂತ ನೋಡುತ್ತದೆ. ಅದರ ನಿಯಮಗಳೇ ಬೇರೆ. ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರುವಂತೆ ಬರೆಯಿರಿ. ಮಾಡಿದ ದಿನ, ಬ್ಯಾಚ್ ನಂಬರು ಹಾಕಿ. ನಂಬರು ಇದ್ದಿದ್ದರೆ ಕೆಟ್ಟದ್ದು ಯಾವ ದಿನದ್ದು ಅಂತ ನಿಮಗೆ ಅವತ್ತೇ ಗೊತ್ತಾಗುತ್ತಿತ್ತು.

ಬಾಗಿಲು ಮುಚ್ಚಿದವಳು

ನಾನು ನಿಲ್ಲಿಸಿದವಳು. ನನ್ನ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ಎರಡು ವರ್ಷ ಮಾಡಿದೆ. ದಿನವಿಡೀ ಕೆಲಸದಲ್ಲಿ ಕೈ ತೊಳೆಯುವುದು, ರಾತ್ರಿ ಪಾತ್ರೆ, ಆಮೇಲೆ ಸೋಪಿನ ಪಾತ್ರೆ. ಬೆರಳ ಸಂದಿ ಕೆಂಪಾಗಿ ಬಿರಿಯಿತು. ಶರ್ಟಿನ ಗುಂಡಿ ಹಾಕಿಕೊಳ್ಳುವಾಗ ರಕ್ತ ಬರುತ್ತಿತ್ತು. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಕೈ ಒದ್ದೆ ಇದ್ದರೆ ಅಥವಾ ಇಪ್ಪತ್ತು ಸಲಕ್ಕಿಂತ ಜಾಸ್ತಿ ತೊಳೆದರೆ ಕೈಗೆ ಇಸುಬು ಬರುವ ಸಾಧ್ಯತೆ ಜಾಸ್ತಿ ಅಂತ ಡಾಕ್ಟರು ಹೇಳಿದರು. ಎಣಿಸಿ ನೋಡಿದೆ, ನನ್ನದು ಮೂವತ್ತು ದಾಟುತ್ತಿತ್ತು. ತೊಳೆದ ತಕ್ಷಣ ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಅಂದರು. 1872ರಲ್ಲಿ ಪೇಟೆಂಟ್ ಆದ ಹಳೇ ವಸ್ತು. ಪರಿಮಳ ಇಲ್ಲ, ಬಣ್ಣ ಇಲ್ಲ. ನೀರು ಆರಿಹೋಗದಂತೆ ಅದರಷ್ಟು ಚೆನ್ನಾಗಿ ತಡೆಯುವುದು ಕಡಿಮೆ. ಹತ್ತು ಥರದ ಮುಲಾಮು ಮಾಡಿ ಮಾರಿದವಳ ಕೈ ವಾಸಿಯಾದದ್ದು ಅದರಿಂದ.

ಆದರೆ ಮಾರುವುದು ನನಗೆ ಇಷ್ಟ ಇತ್ತು. ಜನ ಬಂದು ಚರ್ಮದ ಬಗ್ಗೆ ಕೇಳುವುದು, ಕೂತು ಮಾತಾಡುವುದು. ಈಗ ಪರೀಕ್ಷೆ ಮಾಡಿಸಿದ ಬೇರೆಯವರ ಮಾಲನ್ನು ತಂದು ಮಾರುತ್ತೇನೆ. ಮೇಡಂ ಸಿ. ಜೆ. ವಾಕರ್ ಅಂತ 1867ರಲ್ಲಿ ಹುಟ್ಟಿದ ಅಮೆರಿಕದ ಹೆಂಗಸು ಇದ್ದರು. ಬಟ್ಟೆ ಒಗೆದು ಬದುಕಿದವರು. ತಮ್ಮದೇ ಕೂದಲು ಉದುರಿದ ಮೇಲೆ ಕೂದಲಿನ ಆರೈಕೆಯ ಸಾಮಾನು ಮಾರುವ ದಾರಿಗೆ ಬಂದರು. ಅವರೂ ಮೊದಲು ಆನಿ ಮಲೋನ್ ಅನ್ನುವ ಇನ್ನೊಬ್ಬ ಹೆಂಗಸಿನ ಮಾಲನ್ನು ಕಮಿಷನ್‌ಗೆ ಮಾರಿದವರೇ. ತಮ್ಮದೇ ದೊಡ್ಡ ಕಂಪನಿ ಕಟ್ಟಿದ್ದು ಆಮೇಲೆ. ಮಾಡುವುದು ಬೇರೆ ಕೆಲಸ, ಮಾರುವುದು ಬೇರೆ ಕೆಲಸ. ಎರಡೂ ನಿಮ್ಮ ತಲೆ ಮೇಲೇ ಇರಬೇಕು ಅಂತೇನಿಲ್ಲ ತಂಗಿ.

ಹೊಸ ಹುರುಪು

ನಾನೂ ಲೋಳೆಸರದ ಜೆಲ್ ಮಾರುತ್ತಿದ್ದೆ. ಇವತ್ತು ನಿಲ್ಲಿಸಿದೆ. ಐದು ಬಾಟಲಿ ಹೋಗಿದೆ, ಅವರಿಗೂ ಹೇಳುತ್ತೇನೆ.

ಎರಡನೇ ಪಾಳಿ

ಆರು ವಾರ ಆಯಿತು. ಏನಾಯಿತು ಅಂತ ತಿಳಿಸಬೇಕು ಅನ್ನಿಸಿತು.

14 ಜನರ ದುಡ್ಡನ್ನೂ ವಾಪಸ್ ಕೊಟ್ಟೆ. ಇಬ್ಬರು ಬೇಡ ಅಂದರು, ಆದರೂ ಕೊಟ್ಟೆ. ಮಗುವಿನ ಅಮ್ಮನ ಮನೆಗೆ ಹೋಗಿ ಬಂದೆ. ಡಬ್ಬಿಯಲ್ಲಿ ಏನೇನು ಹಾಕಿದ್ದೆ, ಯಾಕೆ ಕೆಟ್ಟಿತು ಅಂತ ಪೂರ್ತಿ ಹೇಳಿದೆ. ಅವಳು ಸುಮ್ನೆ ಕೇಳಿಸಿಕೊಂಡಳು. "ಇಷ್ಟು ಯಾರು ಬಂದು ಹೇಳುತ್ತಾರೆ ಅಕ್ಕ" ಅಂದಳು.

ಆಫೀಸಿನಲ್ಲಿ ಪರದೆ ಎಳೆದುಕೊಂಡಿದ್ದೇನೆ. ಬೆಳಗ್ಗೆ ಎರಡು ಬೆರಳು ಸನ್‌ಸ್ಕ್ರೀನ್. ಊಟದ ಬಿಡುವಿನಲ್ಲಿ ಮತ್ತೊಮ್ಮೆ. ಆ ಬೆಳ್ಳಗಾಗುವ ಕ್ರೀಮನ್ನು ಕೊಟ್ಟವರಿಗೇ ವಾಪಸ್ ಕೊಟ್ಟು, ನೀವೂ ಹಚ್ಚಬೇಡಿ ಅಂದೆ. ಡಾಕ್ಟರಿಗೆ ತೋರಿಸಿದೆ, ಮೂರು ತಿಂಗಳಾದರೂ ಬೇಕು ಅಂದಿದ್ದಾರೆ. ಬಂಗು ಹಾಗೇ ಇದೆ. ಚರ್ಮ ಬಿಗಿಯುವುದು ಕಡಿಮೆಯಾಗಿದೆ.

ಆಫೀಸಿನಲ್ಲಿ ಬರಹದಲ್ಲೇ ಒಪ್ಪಿಗೆ ಸಿಕ್ಕಿದೆ. ಪರವಾನಗಿ ವಿಚಾರಿಸಿದ್ದೇನೆ, ಅದು ಕೈಗೆ ಬರುವ ತನಕ ಮಾರುವುದಿಲ್ಲ. ಗ್ರಾಂ ತೋರಿಸುವ ತಕ್ಕಡಿ ತಂದೆ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ಹೀಗಿದೆ: ಬ್ಯಾಚ್ 1, ಜೇನುಮೇಣ 50 ಗ್ರಾಂ, ಬಾದಾಮಿ ಎಣ್ಣೆ 200 ಗ್ರಾಂ, ಪರಿಮಳ ಇಲ್ಲ, 12 ಗ್ರಾಂನ ಡಬ್ಬಿ 20, ಸಮಯ 110 ನಿಮಿಷ. ಒಂದು ಡಬ್ಬಿ ನನ್ನ ಮೊಣಕೈ ಒಳಗಡೆ ದಿನಕ್ಕೆ ಎರಡು ಸಲ ಹಚ್ಚಿ ಹತ್ತು ದಿನ ನೋಡಿದೆ. ಇನ್ನೊಂದನ್ನು ಕಪಾಟಿನಲ್ಲಿ ಇಟ್ಟಿದ್ದೇನೆ, ವಾರಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡಿ ಬರೆಯುತ್ತೇನೆ. ಉಳಿದ 18ಕ್ಕೆ ಚೀಟಿ ಅಂಟಿಸಿದ್ದೇನೆ. "ಮೃದು ಮುಲಾಮು, ತುಟಿಗೆ ಮತ್ತು ಹಿಮ್ಮಡಿಗೆ, ಬ್ಯಾಚ್ 1" ಅಂತ.

ಒಂದು ಅನುಮಾನ. ಎರಡು ಡಬ್ಬಿಯ ಮುಚ್ಚಳದ ಒಳಗೆ ಸಣ್ಣ ಹನಿ ಕಂಡಿತು. ಎದೆ ಧಸಕ್ಕೆಂದಿತು. ನೀರು ಹಾಕೇ ಇಲ್ಲವಲ್ಲ?

ಸೋಪಿನ ಅಚ್ಚು

ಬಿಸಿ ಇರುವಾಗಲೇ ಮುಚ್ಚಳ ಹಾಕಿದ್ದೀರಿ. ಒಳಗಿನ ಗಾಳಿಯಲ್ಲಿದ್ದ ತೇವ ತಣ್ಣನೆ ಮುಚ್ಚಳಕ್ಕೆ ಕೂತಿದೆ. ಆ ಎರಡನ್ನು ಮಾರಬೇಡಿ. ಮುಂದಿನ ಸಲ ಡಬ್ಬಿ ಚೆನ್ನಾಗಿ ಒಣಗಿಸಿ, ತುಂಬಿದ ಮೇಲೆ ಪೂರ್ತಿ ತಣ್ಣಗಾಗುವ ತನಕ ಮೇಲೆ ಶುಭ್ರವಾದ ಕಾಗದ ಹೊದಿಸಿ ಬಿಡಿ. ಆಮೇಲೆ ಮುಚ್ಚಿ.

ರಾತ್ರಿ ಡ್ಯೂಟಿ

ಚೀಟಿಯಲ್ಲಿ ಬಾದಾಮಿ ಎಣ್ಣೆ ಅಂತ ಬರೆದಿದ್ದೀಯಾ ತಂಗಿ? ಬಾದಾಮಿಗೆ ಅಲರ್ಜಿ ಇರುವವರು ಇರುತ್ತಾರೆ. ತುಟಿಗೆ ಬೇರೆ ಹಚ್ಚುವುದು.

ಎರಡನೇ ಪಾಳಿ

ಬರೆದಿಲ್ಲ ಅಕ್ಕ. ಬರೀ ಹೆಸರು, ಬ್ಯಾಚ್ ಅಷ್ಟೇ ಹಾಕಿದ್ದೆ. ಮಕ್ಕಳು ಮಲಗಿದ್ದಾರೆ. ಹನಿ ಕೂತ ಎರಡನ್ನು ತೆಗೆದಿಟ್ಟಿದ್ದೇನೆ, ಉಳಿದ 16ಕ್ಕೂ ಈಗಲೇ ಹೊಸ ಚೀಟಿ ಬರೆಯುತ್ತೇನೆ.